ಗೆಲ್ಲುವ ಮೊದಲು ಉಳಿಯುವುದನ್ನು ಕಲಿಯಿರಿ

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ಕಂಪ್ಯೂಟರಿನ ತಂತ್ರದಾಟ ಕಲಿಯಹೊರಟ ಹುಡುಗ-ಹುಡುಗಿಯರಿಗೆ ಒಂದು ಬಹಿರಂಗ ಪತ್ರ



ನಿಮ್ಮಲ್ಲಿ ಕೆಲವರು ನನಗೆ ಗೊತ್ತು, ಬಹಳ ಮಂದಿ ಗೊತ್ತಿಲ್ಲ. ಆದರೆ ಎಲ್ಲರೂ ಕೇಳುವ ಮಾತು ಹೆಚ್ಚುಕಡಿಮೆ ಒಂದೇ: "ಸರ, ಗೇಮ್ ಏನೋ ಭಾಳ ಛಲೋ ಐತ್ರಿ, ಆದ್ರ ಎಲ್ಲೆ ಒತ್ತಿದ್ರ ಏನ್ ಆಕ್ಕೈತಿ ಅನ್ನೂದ ತಿಳಿವಲ್ದು." ಒಬ್ಬೊಬ್ಬರಿಗೇ ಬಾಯಿಮಾತಿನಲ್ಲಿ ಹೇಳುವ ಬದಲು ಎಲ್ಲರಿಗೂ ಸೇರಿಸಿ ಬರೆಯುವುದು ವಾಸಿ ಅನ್ನಿಸಿತು. ಇತಿಹಾಸದ ಮಾಸ್ತರಿಗೆ ಗೇಮಿನ ಉಸಾಬರಿ ಯಾಕೆ ಎಂದು ನಿಮ್ಮ ಮನೆಯ ಹಿರಿಯರು ಕೇಳಿಯಾರು. ಈ ಆಟಗಳನ್ನು ಕಲಿಯಲು ಬೇಕಾದ ಅರ್ಧ ಪಾಠ ನಿಮ್ಮ ನಾಲ್ಕು ತಾಲ್ಲೂಕುಗಳ ಕೋಟೆ, ಕೆರೆ, ಕಲ್ಲುಗಳಲ್ಲಿ ಮೊದಲೇ ಇದೆ. ಅದನ್ನು ತೋರಿಸುವ ಆಸೆಯಿಂದ ಬರೆಯುತ್ತಿದ್ದೇನೆ.

ಇಲ್ಲಿ ಹೇಳುತ್ತಿರುವುದು ಗುಂಡು ಹಾರಿಸುವ ಆಟಗಳ ಮಾತಲ್ಲ. 1991ರಲ್ಲಿ ಶುರುವಾದ ‘ಸಿವಿಲೈಸೇಶನ್’, 1999ರ ‘ಏಜ್ ಆಫ್ ಎಂಪೈರ್ಸ್ 2’, ಸ್ವೀಡನ್ನಿನ ಪ್ಯಾರಡಾಕ್ಸ್ ಕಂಪನಿಯ ‘ಯುರೋಪಾ ಯೂನಿವರ್ಸಾಲಿಸ್ 4’ ಮತ್ತು ‘ಕ್ರುಸೇಡರ್ ಕಿಂಗ್ಸ್ 3’, ರಾಕ್ಷಸರು-ಮಾಂತ್ರಿಕರು ಹೊಡೆದಾಡುವ ‘ಟೋಟಲ್ ವಾರ್: ವಾರ್‌ಹ್ಯಾಮರ್’, ಇಂಥವುಗಳ ಮಾತು. ಇವುಗಳಲ್ಲಿ ಬೆರಳು ಚುರುಕಾಗಿದ್ದರೆ ಸಾಲದು. ಏಜ್ ಆಫ್ ಎಂಪೈರ್ಸ್‌ನಲ್ಲಿ ಬೆರಳಿಗೂ ಕೆಲಸವಿದೆ, ನಿಜ. ಪ್ಯಾರಡಾಕ್ಸ್ ಆಟಗಳಲ್ಲಿ ಅದೂ ಬೇಕಿಲ್ಲ, ಸ್ಪೇಸ್ ಬಾರ್ ಒತ್ತಿದರೆ ಇಡೀ ಜಗತ್ತೇ ನಿಂತು ನಿಮಗಾಗಿ ಕಾಯುತ್ತದೆ. ಆದರೂ ಅವೇ ಹೆಚ್ಚು ಕಷ್ಟ. ಇವತ್ತು ಮಾಡಿದ ಮದುವೆ ಸಂಬಂಧದ ಫಲ ಆಟದ ಲೆಕ್ಕದಲ್ಲಿ ಮೂವತ್ತು ವರ್ಷದ ಮೇಲೆ ಬರುತ್ತದೆ. ಇವತ್ತು ಕಟ್ಟದೆ ಬಿಟ್ಟ ಕೋಟೆಯ ನೆನಪು ಮೊಮ್ಮಗನ ಕಾಲದಲ್ಲಿ ಶತ್ರು ಬಂದಾಗ ಆಗುತ್ತದೆ. ಸೋತಿದ್ದು ಗೊತ್ತಾಗುವ ಹೊತ್ತಿಗೆ ಯಾಕೆ ಸೋತೆವು ಎನ್ನುವುದು ಮರೆತಿರುತ್ತದೆ. ಕಷ್ಟ ಇರುವುದು ಅಲ್ಲಿ. ಗುಂಡಿಗಳು ಎಷ್ಟಿದ್ದರೇನು, ಅವು ವಾರದಲ್ಲಿ ರೂಢಿಯಾಗುತ್ತವೆ.

ಹೊಸಬರು ಸಾಮಾನ್ಯವಾಗಿ ಮಾಡುವ ಕೆಲಸವೆಂದರೆ ನಕ್ಷೆಯ ಮೇಲೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ಸಾಮ್ರಾಜ್ಯವನ್ನು ಆರಿಸಿಕೊಳ್ಳುವುದು. ಯುರೋಪಾ ಯೂನಿವರ್ಸಾಲಿಸ್ 4 ಶುರುವಾಗುವುದು 1444ರ ನವೆಂಬರ್ 11ರಂದು. ಆ ನಕ್ಷೆಯಲ್ಲಿ ವಿಜಯನಗರ ಕಂಡರೆ ನಮ್ಮ ಹುಡುಗರು ಬಿಡುತ್ತಾರೆಯೇ? ಮೊದಲ ಹತ್ತು ವರ್ಷ ಎಲ್ಲ ಸುಸೂತ್ರ. ಖಜಾನೆ ತುಂಬಿದೆ, ದಂಡು ದೊಡ್ಡದಿದೆ, ಏನು ತಪ್ಪು ಮಾಡಿದರೂ ನಡೆಯುತ್ತದೆ. ಆಮೇಲೆ ಒಂದು ದಿನ ಮೂರು ಕಡೆಯಿಂದ ಯುದ್ಧ, ಒಳಗೆ ದಂಗೆ, ಮೇಲೆ ಸಾಲ. ದೊಡ್ಡ ರಾಜ್ಯದ ಗುಣವೇ ಅದು, ತಪ್ಪನ್ನು ಬಹಳ ದಿನ ಮುಚ್ಚಿಡುತ್ತದೆ. ಸಣ್ಣ ಸೀಮೆಯಲ್ಲಿ ಹಾಗಲ್ಲ. ತಪ್ಪು ಮಾಡಿದ ವರ್ಷವೇ ಅದರ ಪೆಟ್ಟು ಬೀಳುತ್ತದೆ, ಕಾರಣ ಇನ್ನೂ ಕಣ್ಣೆದುರೇ ಇರುತ್ತದೆ. ಕಲಿಯುವವರಿಗೆ ಬೇಕಾದದ್ದು ಇಂಥ ಬೇಗ ಸಿಗುವ ಪೆಟ್ಟು.

ಆಟ ರೂಪಿಸಿದವರಿಗೂ ಇದು ಗೊತ್ತು. ಕ್ರುಸೇಡರ್ ಕಿಂಗ್ಸ್ 3ರ ಪಾಠದ ಭಾಗ ತೆರೆದರೆ ಅದು ನಿಮ್ಮನ್ನು ಯಾವ ಚಕ್ರವರ್ತಿಯ ಸಿಂಹಾಸನದ ಮೇಲೂ ಕೂರಿಸುವುದಿಲ್ಲ. 1066ರ ಐರ್ಲೆಂಡಿನಲ್ಲಿ ಮನ್‌ಸ್ಟರ್ ಎಂಬ ಪುಟ್ಟ ಸೀಮೆಯ ಮುರ್ಚಾಡ್ ಎಂಬ ಕಿರಿಯ ಅರಸನ ಜಾಗದಲ್ಲಿ ಕೂರಿಸುತ್ತದೆ. ಕೆಳಗೆ ಒಂದಿಬ್ಬರು ಸಾಮಂತರು, ಅಕ್ಕಪಕ್ಕ ತನ್ನಷ್ಟೇ ಇರುವ ಅರಸರು, ಸುತ್ತ ಸಮುದ್ರ. ಜಗತ್ತಿನಾದ್ಯಂತ ಈ ಆಟದವರು ಐರ್ಲೆಂಡಿಗೆ ‘ಪಾಠದ ದ್ವೀಪ’ ಎಂದೇ ಅಡ್ಡಹೆಸರು ಇಟ್ಟಿದ್ದಾರೆ.

ನಮಗೆ ಐರ್ಲೆಂಡ್ ಯಾಕೆ? ಶಾಸನಗಳಲ್ಲಿ ಬನವಾಸಿ 12000, ಪಾನುಂಗಲ್ 500, ಬೆಳ್ವೊಲ 300, ಪುಲಿಗೆರೆ 300 ಎಂದು ನಾಡುಗಳ ಹೆಸರಿನ ಜೊತೆಗೆ ಅಂಕಿ ಬರುವುದನ್ನು ನೀವು ಪಾಠದಲ್ಲಿ ಓದಿದ್ದೀರಿ. ಪಾನುಂಗಲ್ಲೇ ಇಂದಿನ ಹಾನಗಲ್, ಪುಲಿಗೆರೆ ಇಂದಿನ ಲಕ್ಷ್ಮೇಶ್ವರ. ದೊಡ್ಡ ನಾಡು, ಅದರೊಳಗೆ ಸಣ್ಣ ನಾಡು, ಅದಕ್ಕೊಬ್ಬ ಸಾಮಂತ, ಅವನ ಮೇಲೊಬ್ಬ ಮಂಡಲೇಶ್ವರ, ಎಲ್ಲರ ಮೇಲೆ ಕಲ್ಯಾಣದ ಚಾಲುಕ್ಯ ಚಕ್ರವರ್ತಿ. ಕ್ರುಸೇಡರ್ ಕಿಂಗ್ಸ್‌ನ ಇಡೀ ಯಂತ್ರ ಇದೇ ಮೆಟ್ಟಿಲಿನ ಮೇಲೆ ನಿಂತಿದೆ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಸಾಮಂತ ಪದ್ಧತಿ ಅಲ್ಲಿ ಕೈಯಾರೆ ಆಡಿಸಲು ಸಿಗುತ್ತದೆ.

ಈ ಆಟಕ್ಕೆ 2024ರಲ್ಲಿ 1178ರ ಆರಂಭವೂ ಸೇರಿತು. ಆ ವರ್ಷ ನಮ್ಮ ಕಡೆ ಏನು ನಡೆದಿತ್ತು ನೋಡಿ. ಕಲ್ಯಾಣದಲ್ಲಿ ಚಾಲುಕ್ಯರನ್ನು ತಳ್ಳಿ ಕಲಚುರಿಗಳು ಕುಳಿತಿದ್ದರು. ದಕ್ಷಿಣದ ದೋರಸಮುದ್ರದಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳ ಬಲಿಯುತ್ತಿದ್ದ. ಉತ್ತರದಲ್ಲಿ ಸೇವುಣರು ಹೊಂಚು ಹಾಕಿದ್ದರು. ನಡುವೆ ಹಾನಗಲ್ಲಿನ ಕದಂಬರು. ತಲೆಮಾರುಗಳಿಂದ ಯಾರ ಹೆಸರಿನಲ್ಲಿ ತೆರಿಗೆ ಎತ್ತಿದ್ದರೋ ಆ ಚಕ್ರವರ್ತಿಯೇ ಅಲುಗಾಡುತ್ತಿದ್ದ. ನೀವು ಆ ಕದಂಬ ಅರಸನ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದಿರಿ? ಹಳೆಯ ಒಡೆಯನಿಗೇ ಅಂಟಿಕೊಳ್ಳುತ್ತಿದ್ದಿರೋ, ಬೆಳೆಯುತ್ತಿರುವ ಬಲ್ಲಾಳನಿಗೆ ತಲೆಬಾಗುತ್ತಿದ್ದಿರೋ, ಸೇವುಣರ ನೆರವು ಬೇಡುತ್ತಿದ್ದಿರೋ, ಒಬ್ಬರೇ ನಿಲ್ಲುತ್ತಿದ್ದಿರೋ? ಆಟ ತೆರೆದು ಯಾವ ಗುಂಡಿಯನ್ನೂ ಒತ್ತುವ ಮೊದಲು ಈ ಪ್ರಶ್ನೆಗೆ ಕಾಗದದ ಮೇಲೆ ನಾಲ್ಕು ಸಾಲು ಉತ್ತರ ಬರೆಯಿರಿ. ನನ್ನ ಮೇಲಿನವನು ಯಾರು, ಅವನು ಗಟ್ಟಿಯೋ ಟೊಳ್ಳೋ? ನನಗಿಂತ ದೊಡ್ಡ ನೆರೆಯವರು ಯಾರು, ಅವರಿಗೆ ಪರಸ್ಪರ ಆಗುತ್ತದೆಯೋ ಇಲ್ಲವೋ? ನನ್ನ ಅನ್ನ ಎಲ್ಲಿಂದ ಬರುತ್ತದೆ? ನಾನು ನಾಳೆ ಸತ್ತರೆ ಗದ್ದುಗೆ ಯಾರಿಗೆ? ಯಾವ ಆಟವಾದರೂ ಸರಿ, ಈ ನಾಲ್ಕಕ್ಕೆ ಉತ್ತರ ಹುಡುಕುವಷ್ಟರಲ್ಲಿ ಪರದೆಯ ಮೇಲಿನ ಮುಕ್ಕಾಲು ಗುಂಡಿಗಳ ಪರಿಚಯ ತಾನೇ ಆಗಿರುತ್ತದೆ.

ಮುಂದೆ ಹಾನಗಲ್ಲನ್ನು ಆಳಿದ ಕದಂಬರ ಕಾಮದೇವ ಬಲ್ಲಾಳನಿಗೆ ತಲೆಬಾಗಲಿಲ್ಲ. 1196ರಲ್ಲಿ ಬಲ್ಲಾಳ ಹಾನಗಲ್ಲಿಗೆ ಬಂದು ಊರ ಪಶ್ಚಿಮದ ಆನೆಕೆರೆಯ ಬಳಿ ಪಾಳೆಯ ಹೂಡಿ ಮುತ್ತಿಗೆ ಹಾಕಿದ. ಪಾಳೆಯಕ್ಕೆ ಕೆರೆಯನ್ನೇ ಯಾಕೆ ಆರಿಸಿದ? ಆನೆ, ಕುದುರೆ, ಎತ್ತು, ಸಾವಿರಾರು ಆಳು, ಇವಕ್ಕೆಲ್ಲ ದಿನವೂ ನೀರು ಬೇಕು. ಮುತ್ತಿಗೆಯಲ್ಲಿ ಒಳಗಿನವರ ಹೊಟ್ಟೆ ಮೊದಲು ಸೋಲುತ್ತದೋ ಹೊರಗಿನವರದೋ ಎನ್ನುವುದೇ ಮುಖ್ಯ ಲೆಕ್ಕ, ಗೋಡೆ ಒಡೆಯುವುದು ಆಮೇಲಿನ ಮಾತು. ಕಾಮದೇವನ ದಂಡನಾಯಕ ಸೋಹಣಿ ಮತ್ತು ಅವನ ಮಗ ಕೋಟೆಯಿಂದ ಹೊರಬಿದ್ದು ಕಾದಿ ಹೊಯ್ಸಳರನ್ನು ಆ ಸಲಕ್ಕೆ ಹಿಮ್ಮೆಟ್ಟಿಸಿದರು. ಸೋಹಣಿ ಆ ಯುದ್ಧದಲ್ಲೇ ಬಿದ್ದ. ಮುಂದೆ ಕೆಲವೇ ವರ್ಷಗಳಲ್ಲಿ ಬನವಾಸಿ ಸೀಮೆ ಹೊಯ್ಸಳರ ಕೈಸೇರಿತು. ಒಂದು ಕಾಳಗ ಗೆದ್ದರೂ ಯುದ್ಧ ಸೋಲಬಹುದು ಎನ್ನುವುದನ್ನು ನೀವು ಆಟದಲ್ಲಿ ಬೇಗ ಕಲಿಯುತ್ತೀರಿ. ಬಲ್ಲಾಳನ ಹಿಂದೆ ಮತ್ತೊಂದು ದಂಡು ಕಟ್ಟುವಷ್ಟು ನಾಡು ಇತ್ತು. ಕಾಮದೇವನಿಗೆ ಇನ್ನೊಬ್ಬ ಸೋಹಣಿ ಇರಲಿಲ್ಲ. ಯುರೋಪಾ ಯೂನಿವರ್ಸಾಲಿಸ್‌ನಂಥ ಆಟದ ಪರದೆಯ ಮೇಲೆ ಇದನ್ನು ‘ಮ್ಯಾನ್‌ಪವರ್’ ಎಂಬ ಅಂಕಿಯಾಗಿ ತೋರಿಸುತ್ತಾರೆ. ಯುದ್ಧ ಸಾರುವ ಮುನ್ನ ಎರಡೂ ಕಡೆಯ ಆ ಅಂಕಿಯನ್ನು ನೋಡದವರು ಎಷ್ಟು ಜಾಣರಿದ್ದರೂ ಸೋಲುತ್ತಾರೆ.

ಬಂಕಾಪುರದ ಪಾಠ ಬೇರೆ. ಶಿಗ್ಗಾವಿ ತಾಲ್ಲೂಕಿನ ನೀವು ಅಲ್ಲಿನ ಕೋಟೆಗೆ ನವಿಲು ನೋಡಲು, ನಗರೇಶ್ವರ ಗುಡಿಯ ಕಂಬ ಎಣಿಸಲು ಹೋಗಿರುತ್ತೀರಿ. ಊರಿಗೆ ಹೆಸರು ಬಂದದ್ದು ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಸೇನಾಪತಿ ಬಂಕೆಯನಿಂದ. ಅವನು ಗಂಗರ ಮೇಲೆ ದಂಡೆತ್ತಿ ಹೋಗಿದ್ದಾಗ ಇತ್ತ ಅರಮನೆಯೊಳಗೇ ದಂಗೆ ಎದ್ದಿತು. ದೊರೆ ಅವನನ್ನು ಹಿಂದಕ್ಕೆ ಕರೆಸಿಕೊಂಡು ದಂಗೆ ಅಡಗಿಸಿದ. ಇದನ್ನು ಕೊಣ್ಣೂರಿನ ಶಾಸನ ಹೇಳುತ್ತದೆ. ಕ್ರುಸೇಡರ್ ಕಿಂಗ್ಸ್‌ನಲ್ಲಿ 867ರ ನಕ್ಷೆ ತೆರೆದರೆ ಅಮೋಘವರ್ಷನ ಕಾಲವೇ ಸಿಗುತ್ತದೆ, ದಖ್ಖನ್ ತುಂಬ ರಾಷ್ಟ್ರಕೂಟರು. ದಂಡೆಲ್ಲ ಗಡಿಯಲ್ಲಿದ್ದಾಗಲೇ ಒಳಗಿನವರು ಏಳುತ್ತಾರೆ ಎಂಬುದನ್ನು ಅಲ್ಲಿ ಆಡಿಯೇ ನೋಡಬಹುದು. ಸಾಮಂತರ ಹೆಸರಿನ ಪಕ್ಕ ಹಸಿರಿನಲ್ಲೋ ಕೆಂಪಿನಲ್ಲೋ ಒಂದು ಅಂಕಿ ಇರುತ್ತದೆ. ಅದು ನಿಮ್ಮ ಬಗ್ಗೆ ಅವರಿಗಿರುವ ಅಭಿಪ್ರಾಯ. ಹೊರಗಿನ ಶತ್ರುವಿನ ಕುದುರೆ ಎಣಿಸುವ ಮೊದಲು ಅದನ್ನು ಓದಿ. ನಂಬಿಗಸ್ತ ಬಂಕೆಯ ಒಬ್ಬನಿದ್ದರೆ ದೊಡ್ಡ ಸಾಮ್ರಾಜ್ಯ ಉಳಿಯುತ್ತದೆ. ಅಂಥವನಿಗೆ ಸೀಮೆ ಕೊಡಲು ಜಿಪುಣತನ ಮಾಡಬೇಡಿ.

ಅದೇ ಬಂಕಾಪುರ ಏಳು ಶತಮಾನಗಳ ಮೇಲೆ ಇನ್ನೊಂದು ಪಾಠ ಕೊಟ್ಟಿತು. 1565ರಲ್ಲಿ ವಿಜಯನಗರ ಮುರಿದ ನಂತರ, 1570ರ ದಶಕದಲ್ಲಿ ಬಿಜಾಪುರದ ಅಲಿ ಆದಿಲ್‌ಶಾಹ ಈ ಕೋಟೆಗೆ ಮುತ್ತಿಗೆ ಹಾಕಿದ. ಇತಿಹಾಸಕಾರ ಫೆರಿಷ್ತಾ ಬರೆದಿರುವಂತೆ ಅದು ಒಂದು ವರ್ಷ ಮೂರು ತಿಂಗಳು ನಡೆಯಿತು. ಒಳಗಿನ ನಾಯಕ ವಿಜಯನಗರದ ಅರಸರು ಸರಿದಿದ್ದ ಪೆನುಗೊಂಡೆಯ ಕಡೆ ಕೈಚಾಚಿದ, ದೊಡ್ಡ ಸಹಾಯ ಬರಲಿಲ್ಲ. ಆದರೆ ಸುತ್ತಲಿನ ನಾಯಕರು ಬಿಜಾಪುರದ ಪಾಳೆಯಕ್ಕೆ ಬರುವ ಧಾನ್ಯ ತಡೆದರು, ರಾತ್ರಿ ನುಗ್ಗಿ ಕಾಟ ಕೊಟ್ಟರು. ಮುತ್ತಿಗೆ ಹಾಕಿದವರೇ ಹಸಿದರು. ಕೊನೆಗೆ ಬಿಜಾಪುರದವರು ಕುದುರೆ ದಂಡನ್ನು ಬೇರೆಯಾಗಿ ನೇಮಿಸಿ ಧಾನ್ಯದ ದಾರಿ ಕಾಯಿಸಿದ ಮೇಲೆಯೇ ಕೋಟೆ ಬಿತ್ತು. ಟೋಟಲ್ ವಾರ್ ಆಟಗಳಲ್ಲಿ ಹೊಸಬರು ಸೈನ್ಯವನ್ನು ಶತ್ರುವಿನ ನಾಡಿನೊಳಕ್ಕೆ ಓಡಿಸಿಕೊಂಡು ಹೋಗುತ್ತಾರೆ, ಹಿಂದಿನ ದಾರಿಯನ್ನು ತಿರುಗಿಯೂ ನೋಡುವುದಿಲ್ಲ. ಅಂಥವರು ಬಂಕಾಪುರದ ಕೋಟೆಯ ಮೇಲೆ ಒಂದು ಸಂಜೆ ಕುಳಿತು ಧಾನ್ಯದ ಗಾಡಿ ಯಾವ ದಾರಿಯಿಂದ ಬಂದಿರಬಹುದು ಎಂದು ಲೆಕ್ಕ ಹಾಕಲಿ.

ಹಿರೇಕೆರೂರಿನವರೇ, ರಟ್ಟೀಹಳ್ಳಿ ಈಗ ಬೇರೆ ತಾಲ್ಲೂಕಾದರೂ ಅದರ ಕತೆ ನಿಮಗೂ ಸೇರಿದ್ದು. 1764ರಲ್ಲಿ ಹೈದರಾಲಿ ಅಲ್ಲಿ ಗಟ್ಟಿ ನೆಲೆ ಹಿಡಿದು ಕುಳಿತಿದ್ದ. ಎದುರಿಗಿದ್ದವನು ಪೇಶ್ವೆ ಮಾಧವರಾವ್, ಆಗ ಹತ್ತೊಂಬತ್ತರ ಹುಡುಗ, ನಿಮ್ಮದೇ ವಯಸ್ಸು. ಮರಾಠರು ನೆಲೆಯ ಮೇಲೆ ಬೀಳಲಿಲ್ಲ. ಸಣ್ಣ ದಂಡೊಂದನ್ನು ತೋರಿಸಿ ಆಸೆ ಹುಟ್ಟಿಸಿದರು. ಹೈದರನಂಥ ಪಳಗಿದ ಸೇನಾನಿಯೇ ಹೊರಬಂದ. ಬಂದವನನ್ನು ಸುತ್ತುಗಟ್ಟಿದರು, ಬಹಳ ಜನ ಕಳೆದುಕೊಂಡು ಅವನು ಆನವಟ್ಟಿಯ ಕಡೆ ಹಿಂದೆ ಸರಿದ. ಏಜ್ ಆಫ್ ಎಂಪೈರ್ಸ್‌ನಲ್ಲಿ ಎದುರಾಳಿಯ ಎರಡು ಕುದುರೆ ನಿಮ್ಮ ಹೊಲದಂಚಿನಲ್ಲಿ ಸುಳಿದಾಡಿದಾಗ ಇದ್ದಬದ್ದ ಸೈನ್ಯವನ್ನೆಲ್ಲ ಅವುಗಳ ಬೆನ್ನಿಗೆ ಕಳಿಸುವ ಮುನ್ನ ರಟ್ಟೀಹಳ್ಳಿ ನೆನಪಾಗಲಿ.

ಅದೇ ಹಿರೇಕೆರೂರು ಸೀಮೆಯಲ್ಲಿ ಕುಮುದ್ವತಿ ನದಿಗೆ ವಿಜಯನಗರದ ಕಾಲದಲ್ಲಿ ಕಟ್ಟಿದ ಮದಗ-ಮಾಸೂರು ಕೆರೆಯ ಏರಿ ಇದೆ. ದಂಡಿಗೆ ಸುರಿಯುವ ಹಣ ಇದೇ ವರ್ಷ ಕಾಣುತ್ತದೆ, ಏರಿಗೆ ಸುರಿದ ಹಣ ಕಾಣಲು ಎಷ್ಟೋ ಮಳೆಗಾಲ ಬೇಕು. ಸಿವಿಲೈಸೇಶನ್ ಆಟದಲ್ಲಿ ಮೊದಲ ಐವತ್ತು ಸರದಿಗಳಲ್ಲಿ ಎದುರಾಗುವ ಪ್ರಶ್ನೆಯೂ ಇದೇ, ಯೋಧನೋ ಕಣಜವೋ? ನೆರೆಯವನ ಗುಣ ನೋಡಿ ಉತ್ತರ ಕೊಡಬೇಕು. ಎಲ್ಲ ಕಾಲಕ್ಕೂ ಸಲ್ಲುವ ಒಂದೇ ಉತ್ತರ ಇಲ್ಲ, ಯಾವುದೋ ವಿಡಿಯೊದಲ್ಲಿ ಇದೆ ಎಂದು ಹೇಳಿದರೆ ನಂಬಬೇಡಿ.

ಈಗ ಸವಣೂರು. ನನ್ನ ಮಟ್ಟಿಗೆ ನಾಲ್ಕರಲ್ಲಿ ದೊಡ್ಡ ಪಾಠಶಾಲೆ ಇದೇ. ಔರಂಗಜೇಬನ ಕಾಲದಲ್ಲಿ ಜಹಗೀರಾಗಿ ಹುಟ್ಟಿದ ಈ ನವಾಬಿ ಹದಿನೆಂಟನೆಯ ಶತಮಾನದುದ್ದಕ್ಕೂ ನಾಲ್ಕು ಬಲಾಢ್ಯರ ನಡುವೆ ಸಿಕ್ಕಿತ್ತು. ಪುಣೆಯ ಪೇಶ್ವೆ, ಹೈದರಾಬಾದಿನ ನಿಜಾಮ, ಶ್ರೀರಂಗಪಟ್ಟಣದ ಹೈದರ್-ಟಿಪ್ಪು, ಆಮೇಲೆ ಇಂಗ್ಲಿಷ್ ಕಂಪನಿ. 1747ರ ಹೊತ್ತಿಗೆ ಸೀಮೆಯ ದೊಡ್ಡ ಪಾಲನ್ನು ಮರಾಠರಿಗೆ ಬಿಟ್ಟುಕೊಡಬೇಕಾಯಿತು. 1756ರಲ್ಲಿ ಪೇಶ್ವೆ ಬಾಳಾಜಿ ಬಾಜಿರಾವ್ ಮತ್ತು ನಿಜಾಮ ಸಲಾಬತ್ ಜಂಗ್ ಕೂಡಿ ಮುತ್ತಿದರು, ಜೊತೆಗೆ ಫ್ರೆಂಚರ ಬುಸ್ಸಿಯ ತೋಪುಗಳು. ನವಾಬ ಮಣಿದ. 1764ರಲ್ಲಿ ಹೈದರ್ ಬಂದ. ಮರುವರ್ಷ ಮರಾಠರೊಡನೆ ಆದ ಒಪ್ಪಂದದಲ್ಲಿ ಸವಣೂರಿನ ಹಿಡಿತ ಬಿಟ್ಟ, 1776ರಲ್ಲಿ ಮತ್ತೆ ಬಂದ. 1779ರಲ್ಲಿ ಕೊಡು-ತರುವ ಸಂಬಂಧ ಬೆಳೆಯಿತು. ಹೈದರನ ಮಗಳು ನವಾಬನ ಸೊಸೆಯಾದಳು, ನವಾಬನ ಮಗಳು ಹೈದರನ ಸೊಸೆಯಾದಳು. ಆದರೂ 1786ರಲ್ಲಿ ನವಾಬ ಮರಾಠರ ಕಡೆ ವಾಲಿದ, ಬೀಗರ ಮನೆಯ ಟಿಪ್ಪುವೇ ಸವಣೂರನ್ನು ಹಿಡಿದ. ಇಷ್ಟೆಲ್ಲ ಆದ ಮೇಲೂ ಆ ಗದ್ದುಗೆ ಅಳಿಯಲಿಲ್ಲ. ಪೇಶ್ವಾಯಿ 1818ರಲ್ಲಿ ಮುಗಿಯಿತು, ಟಿಪ್ಪುವಿನ ರಾಜ್ಯ 1799ರಲ್ಲಿ ಮುಗಿದಿತ್ತು. ಸವಣೂರು ಸಂಸ್ಥಾನ 1948ರಲ್ಲಿ ಮುಂಬೈ ಪ್ರಾಂತದಲ್ಲಿ ವಿಲೀನವಾಗುವವರೆಗೆ ಇತ್ತು.

ಆ ನವಾಬರೆಲ್ಲ ಜಾಣರೇ ಆಗಿದ್ದರು ಎಂದು ನಾನು ಹೇಳುತ್ತಿಲ್ಲ. ಕೆಲವು ಸಲ ತಪ್ಪು ಕಡೆ ನಿಂತರು, ಅದರ ಬೆಲೆಯನ್ನು ರೈತರು ತೆತ್ತರು. ಆದರೆ ಅವರ ಕೈಯಲ್ಲಿದ್ದ ಹತಾರಗಳನ್ನು ಎಣಿಸಿ ನೋಡಿ. ಕಪ್ಪ, ಮದುವೆ, ಅಡಮಾನ, ಪಠಾಣ ಕುದುರೆ ಸವಾರರ ಚಾಕರಿ, ಸಕಾಲದ ಶರಣಾಗತಿ, ಇಬ್ಬರು ದೊಡ್ಡವರ ಜಗಳದ ನಡುವಿನ ಸಂದು. ಯುರೋಪಾ ಯೂನಿವರ್ಸಾಲಿಸ್‌ನ ರಾಜತಾಂತ್ರಿಕತೆಯ ಪುಟ ತೆರೆದರೆ ಇವೇ ಹತಾರಗಳು ಸಾಲಾಗಿ ನಿಂತಿರುತ್ತವೆ, ಹೊಸಬರು ಅವನ್ನು ದಾಟಿಕೊಂಡು ನೇರ ಯುದ್ಧದ ಗುಂಡಿಗೆ ಹೋಗುತ್ತಾರೆ. ಅದೇ ಆಟದಲ್ಲಿ ಇನ್ನೊಂದು ನಿಯಮವಿದೆ: ನೀವು ಬೇಗಬೇಗ ನೆರೆಯವರನ್ನು ನುಂಗಿದರೆ ಸುತ್ತಲಿನವರಿಗೆಲ್ಲ ಹೆದರಿಕೆ ಹುಟ್ಟಿ, ಹಳೆಯ ಹಗೆ ಮರೆತು ಒಂದಾಗಿ ನಿಮ್ಮ ಮೇಲೆ ಬೀಳುತ್ತಾರೆ. 1565ರಲ್ಲಿ ವಿಜಯನಗರದ ರಾಮರಾಯನಿಗೆ ಆದದ್ದೂ ಇದೇ. ದೊಡ್ಡವರ ಈ ಹೆದರಿಕೆಯ ನಡುವೆಯೇ ಸಣ್ಣವರಿಗೆ ಉಸಿರಾಡಲು ಜಾಗ ಸಿಗುತ್ತದೆ.

ನಾನು ನಿಮಗೆ ಹೇಳಬೇಕೆಂದಿರುವುದು ಇದನ್ನೇ. ಈ ನಾಲ್ಕು ತಾಲ್ಲೂಕುಗಳ ನೆಲದಿಂದ ಯಾವ ಸಾಮ್ರಾಜ್ಯವೂ ಎದ್ದು ದೇಶ ಆಳಲಿಲ್ಲ. ಆದರೆ ರಾಷ್ಟ್ರಕೂಟ, ಚಾಲುಕ್ಯ, ಹೊಯ್ಸಳ, ಸೇವುಣ, ವಿಜಯನಗರ, ಬಿಜಾಪುರ, ಮರಾಠ, ಮೈಸೂರು, ಎಲ್ಲರೂ ಇಲ್ಲಿ ಹಾದುಹೋದರು. ದೊಡ್ಡವರ ದಾರಿಯಲ್ಲಿ ಬದುಕುವುದು ಹೇಗೆ ಎಂಬ ವಿದ್ಯೆ ಇಲ್ಲಿ ಬೇಕಾದಷ್ಟಿದೆ. ಈ ಆಟಗಳನ್ನು ಕಲಿಯಲು ಬೇಕಾದದ್ದೂ ಅದೇ. ಆದ್ದರಿಂದ ನಿಮ್ಮ ಮೊದಲ ಆಟದಲ್ಲಿ ಜಗತ್ತು ಗೆಲ್ಲುವ ಗುರಿ ಬೇಡ. ಇಬ್ಬರು ದೊಡ್ಡವರ ನಡುವಿನ ಒಂದು ಸಣ್ಣ ಸೀಮೆ ಹಿಡಿದು ಐವತ್ತು ವರ್ಷ ಉಳಿಯಿರಿ. ಉಳಿದರೆ ಆಟ ಬಂದ ಹಾಗೆ.

ಮಾಯಾಲೋಕದ ಆಟಗಳು ಬೇರೆಯಲ್ಲವೇ ಎಂದು ಕೇಳುತ್ತೀರಿ. ಅಷ್ಟೇನೂ ಬೇರೆಯಲ್ಲ. ‘ಬ್ಯಾಟಲ್ ಫಾರ್ ವೆಸ್ನಾತ್’ ಎಂಬ ಆಟದಲ್ಲಿ ಮನುಷ್ಯ ಯೋಧರ ಬಲ ಹಗಲಿಗೆ ಹೆಚ್ಚು, ಓರ್ಕ್ ಎಂಬ ರಾಕ್ಷಸರ ಬಲ ರಾತ್ರಿಗೆ ಹೆಚ್ಚು. ಕಾಡಿನಲ್ಲಿ ನಿಂತ ಎಲ್ಫ್‌ಗೆ ಪೆಟ್ಟು ತಾಗುವುದು ಕಷ್ಟ. ಯಾವಾಗ, ಎಲ್ಲಿ ನಿಲ್ಲಬೇಕು ಎಂಬುದಷ್ಟೇ ಅಲ್ಲಿನ ವಿದ್ಯೆ. ಬಯಲಾಟ ನೋಡಿ ಬೆಳೆದವರಿಗೆ ಅಸುರಬಲ ಇರುಳಿಗೆ ಏರುತ್ತದೆ ಎಂದು ಯಾರಾದರೂ ಹೇಳಿಕೊಡಬೇಕೆ? ಹಾನಗಲ್ಲೇ ವಿರಾಟನಗರ ಎಂಬ ಐತಿಹ್ಯ ನಿಮ್ಮಲ್ಲಿ ಎಲ್ಲರಿಗೂ ಗೊತ್ತು. ಆ ವಿರಾಟಪರ್ವದ ಗೋಗ್ರಹಣವನ್ನು ತಂತ್ರದಾಟವಾಗಿ ಓದಿ. ಸುಶರ್ಮ ದಕ್ಷಿಣದ ಹಸುಗಳನ್ನು ಹಿಡಿಯುತ್ತಾನೆ, ವಿರಾಟ ಇದ್ದ ಸೈನ್ಯವನ್ನೆಲ್ಲ ಅತ್ತ ಒಯ್ಯುತ್ತಾನೆ, ಬರಿದಾದ ಉತ್ತರಕ್ಕೆ ಕೌರವರು ಬರುತ್ತಾರೆ. ಒಂದು ಕಡೆ ಸದ್ದು ಮಾಡಿ ಇನ್ನೊಂದು ಕಡೆ ನುಗ್ಗುವ ಈ ಉಪಾಯವನ್ನು ವಾರ್‌ಹ್ಯಾಮರ್‌ನ ಕಂಪ್ಯೂಟರ್ ಎದುರಾಳಿಯ ಮೇಲೆ ಪ್ರಯೋಗಿಸಿ ನೋಡಿ, ಬಹಳ ಸಲ ನಡೆಯುತ್ತದೆ. ಎರಡು ವಿಡಿಯೊ ನೋಡಿ ಅತಿ ಕಠಿಣ ಹಂತ ಒತ್ತುವವರಿಗೆ ಮಾತ್ರ ಅದೇ ಪರ್ವದಿಂದ ಹುಟ್ಟಿದ ಒಂದು ಗಾದೆ ಸಾಕು: ಉತ್ತರ ಕುಮಾರನ ಪೌರುಷ ಒಲೆಯ ಮುಂದೆ. ಉತ್ತರನಿಗೂ ಕಲಿಸಲು ಪಕ್ಕದಲ್ಲಿ ಬೃಹನ್ನಳೆ ಇದ್ದಳು. ನಿಮಗಿಂತ ಚೆನ್ನಾಗಿ ಆಡುವವರನ್ನು ಪಕ್ಕಕ್ಕೆ ಕೂರಿಸಿಕೊಳ್ಳಲು ನಾಚಬೇಡಿ.

ಇನ್ನು ನಿತ್ಯದ ಕೆಲವು ಮಾತು. ಬೆಲೆಬಾಳುವ ಕಂಪ್ಯೂಟರ್ ಇಲ್ಲ ಎಂದು ಕೈಕಟ್ಟಿ ಕೂರಬೇಡಿ. ವೆಸ್ನಾತ್ ಮತ್ತು ಫ್ರೀಸಿವ್ ಪುಕ್ಕಟೆ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತವೆ. ಸಿವಿಲೈಸೇಶನ್ ಮಾದರಿಯ ಯುನ್‌ಸಿವ್ ಮೊಬೈಲಿನಲ್ಲೇ ಪುಕ್ಕಟೆ ಸಿಗುತ್ತದೆ. ಮೌರ್ಯರ ಆನೆಗಳಿರುವ ‘0 ಎ.ಡಿ.’ಗೆ ಸ್ವಲ್ಪ ಗಟ್ಟಿ ಯಂತ್ರ ಬೇಕು, ಹಣ ಬೇಡ. ಸರದಿಯಾಟಗಳಿಂದ ಶುರುಮಾಡಿ, ಯೋಚಿಸಲು ಪುರಸತ್ತು ಸಿಗುತ್ತದೆ. ಕರೆಂಟು ಯಾವಾಗ ಹೋಗುತ್ತದೋ ಹೇಳಲು ಬಾರದ ಊರುಗಳಲ್ಲಿ ಇದ್ದೇವೆ, ಆದ್ದರಿಂದ ಪ್ರತಿ ಹತ್ತು ಸರದಿಗೊಮ್ಮೆ ಸೇವ್ ಮಾಡಿ. ಆದರೆ ಸೋತ ಕೂಡಲೇ ಹಳೆಯ ಸೇವ್‌ಗೆ ಓಡಬೇಡಿ. ಸೋಲನ್ನು ಪೂರ್ತಿ ನೋಡಿ.

ಒಂದು ಸಲಕ್ಕೆ ಒಂದೇ ವಿಷಯ ಕಲಿಯಿರಿ. ಈ ವಾರ ತೆರಿಗೆ-ಆದಾಯ ಮಾತ್ರ, ಮುಂದಿನ ವಾರ ಸಾಮಂತರು, ಆಮೇಲೆ ಯುದ್ಧ. ಏಜ್ ಆಫ್ ಎಂಪೈರ್ಸ್‌ನವರು ಮೂರು ಆಳುಗಳಿಂದ ಶುರುಮಾಡುತ್ತೀರಿ. ಮೊದಲ ಹತ್ತು ನಿಮಿಷ ಊರ ಕಟ್ಟಡ ಬಿಡುವಿಲ್ಲದೆ ಹೊಸ ಆಳುಗಳನ್ನು ಕೊಡುತ್ತಿದೆಯೇ ಎಂಬುದೊಂದನ್ನೇ ಕಾಯಿರಿ, ಉಳಿದದ್ದು ತಾನೇ ಬರುತ್ತದೆ. ಇಂಗ್ಲಿಷ್ ತೊಡಕಾದರೆ ಒಂದು ನೋಟ್‌ಬುಕ್ ಇಡಿ. ಆಟದಲ್ಲಿ ಬರುವ ಪ್ರತಿ ಹೊಸ ಮಾತನ್ನೂ ನಿಮ್ಮೂರ ಕನ್ನಡದಲ್ಲಿ ಬಿಡಿಸಿ ಬರೆದು, ನಾಲ್ಕೂ ತಾಲ್ಲೂಕಿನವರು ಸೇರಿಸಿ ಒಂದು ಕೈಪಿಡಿ ಮಾಡಿ. ಮುಂದೆ ಬರುವವರಿಗೆ ಅದು ದೊಡ್ಡ ಉಪಕಾರ. ಹೆಣ್ಣುಮಕ್ಕಳನ್ನು ಬರೀ ನೋಡುವವರಾಗಿ ಕೂರಿಸಬೇಡಿ, ಅರ್ಧ ಸರದಿ ಅವರ ಕೈಯಲ್ಲಿರಲಿ.

ಮನೆಯವರಿಗೂ ಒಂದು ಮಾತು ತಲುಪಿಸಿ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರಲ್ಲಿ ಮಾಡಿತು. ನಾನು ಇಲ್ಲಿ ಹೆಸರಿಸಿದ ಆಟಗಳು ಆ ಜಾತಿಯವಲ್ಲ. ಇವುಗಳಲ್ಲಿ ಪಣ ಕಟ್ಟುವುದು ನಿಮ್ಮ ವೇಳೆಯನ್ನು ಮಾತ್ರ. ಅದೂ ಬೆಲೆಯುಳ್ಳದ್ದೇ. ‘ಇನ್ನೊಂದೇ ಸರದಿ’ ಎನ್ನುತ್ತ ಬೆಳಗು ಮಾಡಿಸುವ ಗುಣ ಈ ಆಟಗಳಿಗಿದೆ, ಆದ್ದರಿಂದ ಕೂರುವ ಮೊದಲೇ ಏಳುವ ಹೊತ್ತನ್ನು ಗೊತ್ತುಮಾಡಿಕೊಳ್ಳಿ.

ಆಟ ಕಲಿಸದ ಸಂಗತಿಯೂ ಒಂದಿದೆ. 1196ರ ಮುತ್ತಿಗೆಯಲ್ಲಿ ಸೋಹಣಿ ಹೇಗೆ ಬಿದ್ದ ಎನ್ನುವುದು ನಮಗೆ ತಿಳಿದದ್ದು ಹಾನಗಲ್ಲಿನ ವೀರಗಲ್ಲುಗಳಿಂದ. ಕಡೆಗೆ ಸೋತ ಕಡೆಯವರು ತಮ್ಮ ಸತ್ತವರನ್ನು ಕಲ್ಲಿನಲ್ಲಿ ಕಡೆದು ನಿಲ್ಲಿಸಿದರು. ಕೆಳಗಿನ ಸಾಲಿನಲ್ಲಿ ಕಾಳಗ, ನಡುವೆ ಅಪ್ಸರೆಯರು, ಮೇಲೆ ಕೈಲಾಸ. ಕಂಪ್ಯೂಟರಿನ ಆಟದಲ್ಲಿ ಅಂಥ ಕಲ್ಲಿಗೆ ಜಾಗವಿಲ್ಲ, ಸತ್ತವರು ಒಂದು ಅಂಕಿಯಿಂದ ಕಳೆದುಹೋಗುತ್ತಾರೆ. ದಂಡನಾಯಕ ಕತ್ತಿ ಕೆಳಗಿಟ್ಟು ಹೊರಟುಹೋಗಲೂ ಅಲ್ಲಿ ದಾರಿ ಕಡಿಮೆ. ನಿಮ್ಮ ಬಾಡದ ತಿಮ್ಮಪ್ಪನಾಯಕ ಹಾಗೆ ಹೊರಟುಹೋಗಿ ಕನಕದಾಸನಾದ ಎಂದು ನಾವೆಲ್ಲ ನಂಬಿದ್ದೇವೆ. ಈ ಕೊರತೆ ತುಂಬುವುದು ಆಡುವವರ ಕೈಯಲ್ಲಿದೆ. ಪ್ರತಿ ಸೋತ ಆಟದ ಮೇಲೆ ಹತ್ತು ಸಾಲು ಬರೆದಿಡಿ: ಯಾವ ವರ್ಷ ತಪ್ಪಿತು, ಯಾರನ್ನು ನಂಬಿದೆ, ಯಾರು ಬಿದ್ದರು, ಎಲ್ಲಿ ಅನ್ನ ಮುಗಿಯಿತು. ಹತ್ತು ಆಟದ ಟಿಪ್ಪಣಿ ಒಟ್ಟಿಗೆ ಓದಿದರೆ ನಿಮ್ಮ ತಪ್ಪಿನ ಜಾಡು ನಿಮಗೇ ಕಾಣುತ್ತದೆ. ಯಾವ ವಿಡಿಯೊವೂ ಅದನ್ನು ತೋರಿಸಿಕೊಡಲಾರದು.

ಕೊನೆಗೆ ಒಂದು ಕೆಲಸ ಒಪ್ಪಿಸುತ್ತೇನೆ. 2022ರಲ್ಲಿ ಏಜ್ ಆಫ್ ಎಂಪೈರ್ಸ್ 2ಕ್ಕೆ ಭಾರತದ ರಾಜವಂಶಗಳೆಂದು ಬಂಗಾಳಿಗಳು, ಗುರ್ಜರರು, ದ್ರಾವಿಡರು ಸೇರಿದರು, ಹಿಂದಿದ್ದ ಭಾರತೀಯರು ಹಿಂದೂಸ್ತಾನಿಗಳಾದರು. ದ್ರಾವಿಡರ ಕಥಾಭಾಗ ಚೋಳ ರಾಜೇಂದ್ರನದು. ಕದಂಬರೂ ಇಲ್ಲ, ಹೊಯ್ಸಳರೂ ಇಲ್ಲ. ಯಾರೋ ಮಾಡಿಕೊಡಲಿ ಎಂದು ಕಾಯಬೇಡಿ. ಆ ಆಟದ ಜೊತೆಗೇ ಸ್ವಂತ ಯುದ್ಧಭೂಮಿ ಕಟ್ಟುವ ಸಲಕರಣೆ ಬರುತ್ತದೆ. ನಾಲ್ಕು ತಾಲ್ಲೂಕಿನವರು ಸೇರಿ ‘ಹಾನಗಲ್ 1196’ ಕಟ್ಟಿ. ಹಾನಗಲ್ಲಿನವರು ಕೋಟೆ, ಧರ್ಮಾ ನದಿ, ಆನೆಕೆರೆಯ ನಕ್ಷೆ ತೆಗೆಯಲಿ, ಕಲ್ಲುಗಳನ್ನು ಕಣ್ಣಾರೆ ನೋಡಿ ಬರಲಿ. ಶಿಗ್ಗಾವಿಯವರು ಧಾನ್ಯದ ದಾರಿಗಳನ್ನು ಹಾಕಲಿ. ಹಿರೇಕೆರೂರಿನವರು ಹೊಯ್ಸಳರ ಕಡೆಯನ್ನು ಕಟ್ಟಲಿ, ಬಲ್ಲಾಳನನ್ನು ಖಳನಾಯಕ ಮಾಡುವುದು ಬೇಡ, ಅವನಿಗೂ ಅವನ ಕಾರಣಗಳಿದ್ದವು. ಸವಣೂರಿನವರಿಗೆ ರಾಜತಾಂತ್ರಿಕತೆ: ಉತ್ತರದ ಸೇವುಣರು ಯಾವ ಷರತ್ತಿಗೆ ಯಾರ ಕಡೆ ಬರುತ್ತಾರೆ ಎಂಬುದನ್ನು ಅವರು ಗೊತ್ತುಮಾಡಲಿ. ಎದುರಾಳಿಯ ಊರನ್ನು ಸುಡುವುದನ್ನು ಗೆಲುವು ಎನ್ನಬೇಡಿ. ಕಾಮದೇವನ ಕಡೆ ಆಡುವವರು ಗೊತ್ತುಮಾಡಿದ ಅವಧಿಯವರೆಗೆ ಕೋಟೆಯನ್ನೂ ಊರಿನ ಅರ್ಧಕ್ಕಿಂತ ಹೆಚ್ಚು ಜನರನ್ನೂ ಉಳಿಸಿಕೊಂಡರೆ ಗೆದ್ದಂತೆ. ಬಲ್ಲಾಳನ ಕಡೆಯವರು ಅಷ್ಟರೊಳಗೆ ಕೋಟೆ ಹಿಡಿಯದಿದ್ದರೆ, ಎಷ್ಟು ಜನರನ್ನು ಕೊಂದಿದ್ದರೂ ಸೋತಂತೆ.

ಅದು ಸಿದ್ಧವಾದ ದಿನ ನಿಮ್ಮ ಶಾಲೆ-ಕಾಲೇಜಿನ ಇತಿಹಾಸದ ಗುರುಗಳನ್ನು ಕರೆದು ಮೊದಲ ಆಟ ಅವರ ಕೈಯಲ್ಲೇ ಆಡಿಸಿ. ನನ್ನನ್ನು ಕರೆದರೆ ಕಾಮದೇವನ ಕಡೆಗೆ ಕೂರುತ್ತೇನೆ.

ಇತಿ ನಿಮ್ಮ ಹಿತೈಷಿ,
ಹಾವೇರಿ ಜಿಲ್ಲೆಯ ಒಬ್ಬ ಇತಿಹಾಸದ ಮಾಸ್ತರ